ಕಡಲ ದಂಡೆ ಇನ್ನೊಬ್ಬರ ಅಂಗಳ

ದೀಪಾವಳಿ ಮುಗಿದು ಚಳಿ ಕಾಲಿಡುತ್ತಿದ್ದಂತೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಊರುಗಳಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. ಶಾಲೆಗಳು ಶೈಕ್ಷಣಿಕ ಪ್ರವಾಸದ ಪಟ್ಟಿ ಸಿದ್ಧಪಡಿಸುತ್ತವೆ. ಕಬ್ಬಿನ ಕೆಲಸದ ನಡುವೆ ಎರಡು ದಿನ ಬಿಡುವು ಸಿಕ್ಕ ಕುಟುಂಬಗಳು ಬಾಡಿಗೆ ವಾಹನ ಗೊತ್ತುಮಾಡುತ್ತವೆ. ಗೋಕರ್ಣದ ಓಂ ಮತ್ತು ಕುಡ್ಲೆ ತೀರ, ಮುರುಡೇಶ್ವರ, ಕಾರವಾರ, ಇಲ್ಲವೆ ಅಂಬೋಲಿ ಘಟ್ಟ ಇಳಿದು ವೆಂಗುರ್ಲೆ: ಪಟ್ಟಿಯಲ್ಲಿ ಕಡಲು ಇರಲೇಬೇಕು. ವರ್ಷವಿಡೀ ಹೊಲದಲ್ಲಿ ಬೆನ್ನು ಬಾಗಿಸಿದವರು ಎರಡು ದಿನ ಅಲೆಗಳ ಮುಂದೆ ಸುಮ್ಮನೆ ಕುಳಿತು ಬರುವುದರಲ್ಲಿ ತಪ್ಪೇನೂ ಇಲ್ಲ. ವಿಶ್ರಾಂತಿ ಉಳ್ಳವರ ಸೊತ್ತಲ್ಲ, ದುಡಿಯುವವರ ಹಕ್ಕು. ಆದರೆ ಆ ವಿಶ್ರಾಂತಿಗೆ ಹಾಸಿಗೆಯಾಗುವ ಮರಳ ದಂಡೆ ಬರಿದಾದ ಬಯಲಲ್ಲ, ಅದು ಇನ್ನೊಬ್ಬರು ಬದುಕುವ ಅಂಗಳ ಎಂಬ ಅರಿವು ಪ್ರವಾಸದ ಸಿದ್ಧತೆಯಲ್ಲಿ ಸೇರಿರುವುದು ಅಪರೂಪ.

ಬೆಟ್ಟದ ಸೀಮೆಗೂ ಕಡಲಿಗೂ ಇರುವ ನಂಟು ಬಸ್ಸಿನ ದಾರಿಯಷ್ಟೇ ಅಲ್ಲ. ಹುಕ್ಕೇರಿ ತಾಲ್ಲೂಕಿನಲ್ಲಿ ಹರಿಯುವ ಹಿರಣ್ಯಕೇಶಿ ಹುಟ್ಟುವುದು ಅಂಬೋಲಿಯಲ್ಲಿ. ಆ ಏಣಿನ ಪೂರ್ವಕ್ಕೆ ಬಿದ್ದ ಮಳೆಹನಿ ಹಿರಣ್ಯಕೇಶಿಯ ಮೂಲಕ ಘಟಪ್ರಭೆಗೆ, ಅಲ್ಲಿಂದ ಕೃಷ್ಣೆಗೆ ಸೇರಿ, ನಾಡನ್ನು ಅಡ್ಡಲಾಗಿ ದಾಟಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಅದೇ ಏಣಿನ ಪಶ್ಚಿಮಕ್ಕೆ ಜಾರಿದ ಹನಿ ಕೆಲವು ಹತ್ತು ಕಿಲೋಮೀಟರುಗಳಲ್ಲೇ ಅರಬ್ಬೀ ಸಮುದ್ರದ ಉಪ್ಪನ್ನು ಸೇರುತ್ತದೆ. ಒಂದೇ ಮೋಡ, ಎರಡು ಇಳಿಜಾರು. ಕಡಲತೀರದ ಮರಳಿನ ಬಹುಪಾಲು ಕೂಡ ಬೆಟ್ಟದ್ದೇ: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಸಹ್ಯಾದ್ರಿಯ ಬಂಡೆಗಳನ್ನು ಸವೆಸಿ ಅಳಿವೆಗೆ ಹೊತ್ತು ತಂದ ಕಾಣಿಕೆ. ನದಿಗೆ ಅಣೆಕಟ್ಟು ಕಟ್ಟಿದಾಗ ಮರಳು ಜಲಾಶಯದ ತಳದಲ್ಲಿ ಸಿಕ್ಕಿಬೀಳುತ್ತದೆ. ಅಳಿವೆಯಲ್ಲಿ ಮರಳು ಬಗೆದಾಗ ದಂಡೆಗೆ ಬರಬೇಕಾದ ಪಾಲು ಲಾರಿಗಳಲ್ಲಿ ಹೋಗುತ್ತದೆ. ಆಗ ಕಡಲು ತನ್ನ ಹಸಿವಿಗೆ ತೆಂಗಿನ ತೋಟವನ್ನೂ ಮನೆಯ ಗೋಡೆಯನ್ನೂ ಕೇಳುತ್ತದೆ.

ಅತಿಥಿಗಳ ಗದ್ದಲ ಎಂದರೇನೆಂದು ಈ ಮೂರು ತಾಲ್ಲೂಕುಗಳ ಜನರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಸುಮಾರು 170 ಅಡಿ ಎತ್ತರದಿಂದ ಘಟಪ್ರಭೆ ಧುಮುಕುವ ಗೋಕಾಕ ಜಲಪಾತಕ್ಕೆ ಸಾವಿರಾರು ಮಂದಿ ಬರುತ್ತಾರೆ. 1887ರಲ್ಲೇ ವಿದ್ಯುತ್ತು ಕೊಟ್ಟ ಆ ನೀರಿನ ಅಂಚಿನಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವ ಹಟ, ಬಂಡೆಗಳ ಸಂದಿಯಲ್ಲಿ ಒಡೆದ ಬಾಟಲಿಗಳು, ತಟ್ಟೆ ಲೋಟಗಳ ರಾಶಿ: ಇವೆಲ್ಲ ಸ್ಥಳೀಯರು ಕಂಡು ಬೇಸತ್ತ ನೋಟಗಳು. ಮಾರ್ಕಂಡೇಯದ ಗೊಡಚಿನಮಲ್ಕಿಯಲ್ಲೂ ಇದೇ ಕತೆ. 1974ರಲ್ಲಿ ಘೋಷಿತವಾದ ಘಟಪ್ರಭಾ ಪಕ್ಷಿಧಾಮದ ಧೂಪದಾಳ ಹಿನ್ನೀರಿನಲ್ಲಿ ಗದ್ದಲ ಎದ್ದಾಗ ಚಳಿಗಾಲದ ವಲಸೆ ಹಕ್ಕಿಗಳು ಏಳುವುದನ್ನು ಕಂಡವರಿಗೆ ಅದರ ನೋವು ತಿಳಿದಿದೆ. ಬಂದವರು ನೋಡಲಿ, ಸಂತೋಷಪಡಲಿ, ಆದರೆ ತಂದದ್ದನ್ನು ಒಯ್ಯಲಿ, ಹೇಳಿದ್ದನ್ನು ಕೇಳಲಿ ಎಂಬುದು ಇಲ್ಲಿನವರ ನ್ಯಾಯವಾದ ನಿರೀಕ್ಷೆ. ಘಟ್ಟ ಇಳಿಯುತ್ತಲೇ ಪಾತ್ರ ಬದಲಾಗುತ್ತದೆ, ಅತಿಥೇಯರು ಅತಿಥಿಗಳಾಗುತ್ತಾರೆ. ಪಾತ್ರದೊಂದಿಗೆ ನ್ಯಾಯವೂ ಬದಲಾಗಬಾರದು.

ಹೊನ್ನಾವರ ತಾಲ್ಲೂಕಿನ ಕಾಸರಕೋಡವನ್ನು ನೋಡಿದರೆ ಕಡಲತೀರಕ್ಕೆ ಎಷ್ಟು ಮುಖಗಳಿವೆ ಎಂಬುದು ತಿಳಿಯುತ್ತದೆ. 2020ರ ಅಕ್ಟೋಬರಿನಲ್ಲಿ ದೇಶದ 8 ಕಡಲತೀರಗಳಿಗೆ ‘ಬ್ಲೂ ಫ್ಲ್ಯಾಗ್’ ಎಂಬ ಅಂತರರಾಷ್ಟ್ರೀಯ ಮನ್ನಣೆ ದೊರೆತಾಗ ಅವುಗಳಲ್ಲಿ ಕರ್ನಾಟಕದ ಎರಡು ಇದ್ದವು: ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಈ ಕಾಸರಕೋಡ. ನೀರಿನ ಶುದ್ಧತೆ, ಸ್ವಚ್ಛತೆ, ಸುರಕ್ಷತೆ ಮೊದಲಾದ 33 ಮಾನದಂಡಗಳನ್ನು ದಾಟಿದ ತೀರ ಅದು. ಅಲ್ಲಿಂದ ಉತ್ತರಕ್ಕೆ, ಶರಾವತಿ ಅಳಿವೆಯ ಬಳಿ ಟೊಂಕವಿದೆ. ಅಲ್ಲಿ ಮರಳೇ ಕಾರ್ಖಾನೆ. ದೋಣಿಗಳು ತಂದ ಮೀನನ್ನು ಮಹಿಳೆಯರು ಬಿಸಿಲಿಗೆ ಹರವಿ, ತಿರುವಿ, ಒಣಗಿಸಿ ಘಟ್ಟದ ಮೇಲಿನ ಸಂತೆಗಳಿಗೆ ಕಳಿಸುತ್ತಾರೆ. ಅದೇ ಮರಳಿನಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಗುಂಡಿ ತೋಡಿ ಮೊಟ್ಟೆಯಿಡುತ್ತವೆ. ಅದೇ ಮರಳಿನ ಮೇಲೆ ವಾಣಿಜ್ಯ ಬಂದರಿನ ಯೋಜನೆಯೂ ಬಂದು ಕುಳಿತಿದೆ. ತಮ್ಮ ಮನೆ ಮತ್ತು ಒಣಮೀನಿನ ಕಣ ಎರಡೂ ಹೋಗುತ್ತವೆ ಎಂದು ಮೀನುಗಾರರು ವರ್ಷಗಳಿಂದ ಪ್ರತಿಭಟಿಸುತ್ತ ಬಂದಿದ್ದಾರೆ. ಒಂದೆಡೆ ನೀಲಿ ಬಾವುಟ, ಇನ್ನೊಂದೆಡೆ ಬಂದರಿನ ರಸ್ತೆ. ನಡುವೆ ಬಿಸಿಲಿನಲ್ಲಿ ಮೀನು ತಿರುವುವ ಕೈಗಳು. ಒಣಮೀನಿನ ವಾಸನೆಗೆ ಮೂಗು ಮುಚ್ಚಿ ಮುಂದೆ ಸಾಗುವ ಪ್ರವಾಸಿಗನಿಗೆ, ತನ್ನೂರಿನ ಸಂತೆಗೆ ಬಂದ ಒಣಮೀನು ಇಲ್ಲಿಂದಲೇ ಹೊರಟಿರಬಹುದು ಎಂಬುದು ಹೊಳೆಯುವುದಿಲ್ಲ.

ಕಾರವಾರದ ಕಡಲತೀರದ ಇತಿಹಾಸವೂ ಇದನ್ನೇ ಹೇಳುತ್ತದೆ. ಯುವಕ ರವೀಂದ್ರನಾಥ ಠಾಕೂರರು ಅಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣನ ಬಳಿ ಬಂದು ತಂಗಿದ್ದ ನೆನಪಿಗೆ ಆ ತೀರ ಅವರ ಹೆಸರು ಹೊತ್ತಿದೆ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ವಿರುದ್ಧ ಮೀನುಗಾರರು ಬೀದಿಗಿಳಿದಾಗ ನಗರದ ಜನರೂ ಅವರ ಜೊತೆ ನಿಂತರು. ದೋಣಿ ಎಳೆಯುವವರಿಗೂ ಸಂಜೆ ಗಾಳಿಗೆ ಬರುವವರಿಗೂ ಉಳಿದಿರುವ ಮರಳು ಒಂದೇ ಎಂಬುದನ್ನು ಅವರು ಅರಿತಿದ್ದರು. ಅದಕ್ಕೂ ಮೊದಲು, 1986ರಲ್ಲಿ ಅಡಿಗಲ್ಲು ಕಂಡು 2005ರಲ್ಲಿ ಕಾರ್ಯಾರಂಭಿಸಿದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಹಲವು ಹಳ್ಳಿಗಳು ತೀರವನ್ನು ತೊರೆದಿದ್ದವು. ಹಿಡಕಲ್ ಜಲಾಶಯಕ್ಕಾಗಿ ಊರು ಬಿಟ್ಟವರ ನೆನಪು ಹುಕ್ಕೇರಿಯಲ್ಲಿ ಇನ್ನೂ ಆರಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲ ಮಂದಿರ ಮೇಲೆದ್ದು ಆ ನೆನಪನ್ನು ಪ್ರತಿ ವರ್ಷ ಹೊಸದು ಮಾಡುತ್ತದೆ. ಮುಳುಗಿದ ಊರಿನವರಿಗೂ ಕಡಲು ಬಿಟ್ಟ ಊರಿನವರಿಗೂ ನಡುವೆ ಪರಿಚಯ ಇಲ್ಲದಿರಬಹುದು, ಅನುಭವ ಒಂದೇ.

ತೀರವನ್ನು ಕಾಯಲು ಕಾನೂನಿಲ್ಲವೆಂದಲ್ಲ. 1991ರಲ್ಲಿ ಮೊದಲ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಹೊರಟಿತು. 2011ರಲ್ಲಿ ಅದು ಹೊಸ ರೂಪ ಪಡೆಯಿತು. 2019ರ ಜನವರಿಯಲ್ಲಿ ಮತ್ತೆ ಬದಲಾಯಿತು. ಗ್ರಾಮೀಣ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರಿನವರೆಗೆ ಇದ್ದ ನಿರ್ಮಾಣ ನಿಷೇಧವನ್ನು, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಪ್ರದೇಶಗಳಲ್ಲಿ 50 ಮೀಟರಿಗೆ ಇಳಿಸಲಾಯಿತು. ಉಬ್ಬರದ ಗೆರೆಯಿಂದ 10 ಮೀಟರು ಬಿಟ್ಟು ಪ್ರವಾಸಿಗರಿಗಾಗಿ ತಾತ್ಕಾಲಿಕ ಗುಡಿಸಲು, ಶೌಚಾಲಯಗಳಿಗೂ ಅವಕಾಶ ದೊರೆಯಿತು. ಪ್ರವಾಸೋದ್ಯಮದಿಂದ ಊರಿನವರಿಗೆ ಆದಾಯ ಬರುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ. ಮನೆಯಲ್ಲೇ ಅತಿಥಿಗಳನ್ನು ಇರಿಸಿ ಊಟ ಹಾಕುವ ಕುಟುಂಬಕ್ಕೆ ಆ ಹಣ ನೇರವಾಗಿ ತಲುಪುತ್ತದೆ. ಆದರೆ ಹೊರಗಿನ ಬಂಡವಾಳ ದಂಡೆಗೆ ಬೇಲಿ ಹಾಕಿದಲ್ಲಿ ಊರಿನ ಮಗ ಕಾವಲುಗಾರನಾಗುತ್ತಾನೆ, ಅವನ ದೋಣಿಗೆ ದಾರಿ ಮುಚ್ಚುತ್ತದೆ. ಯಾವುದು ಬೆಳೆಯಬೇಕೆಂಬುದನ್ನು ತೀರ್ಮಾನಿಸುವಲ್ಲಿ ಪ್ರವಾಸಿಗನ ಕಿಸೆಯ ನೋಟಿಗೂ ಪಾಲಿದೆ.

ವಿದ್ಯಾರ್ಥಿಗಳು ತಿಳಿಯಲೇಬೇಕಾದ ಇನ್ನೊಂದು ಸಂಗತಿಯಿದೆ. 2024ರ ಡಿಸೆಂಬರ್ 10ರಂದು ಶಾಲಾ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಬಯಲುಸೀಮೆಯ ಮಕ್ಕಳಿಗೆ ಕಡಲು ನೋಟಕ್ಕೆ ದೊಡ್ಡ ಕೆರೆಯಂತೆ ಕಾಣುತ್ತದೆ. ಬಾವಿಯಲ್ಲಿ, ಕಾಲುವೆಯಲ್ಲಿ, ಘಟಪ್ರಭೆಯ ಮಡುವಿನಲ್ಲಿ ಈಜು ಕಲಿತವರಿಗಂತೂ ಧೈರ್ಯ ಹೆಚ್ಚು. ಆದರೆ ಅಲೆಗಳು ದಡಕ್ಕೆ ತಂದು ಸುರಿದ ನೀರು ಮರಳಿ ಹೋಗಲೇಬೇಕು. ಮರಳ ದಿಬ್ಬಗಳ ನಡುವಿನ ಕಿರಿದಾದ ಓಣಿಯಲ್ಲಿ ಅದು ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಆ ಓಣಿಯಲ್ಲಿ ಅಲೆಗಳು ಒಡೆಯುವುದು ಕಡಿಮೆ, ಹಾಗಾಗಿ ಅದೇ ಅತ್ಯಂತ ಶಾಂತವಾದ ಜಾಗವೆಂದು ತೋರುತ್ತದೆ. ಮೋಸ ಇರುವುದು ಅಲ್ಲಿಯೇ. ಸೆಳೆತಕ್ಕೆ ಸಿಕ್ಕವನು ನೇರವಾಗಿ ದಡದತ್ತ ಈಜಿದರೆ ಸೋಲುತ್ತಾನೆ. ಗಾಬರಿಗೊಳ್ಳದೆ ತೇಲಬೇಕು, ದಡಕ್ಕೆ ಸಮಾನಾಂತರವಾಗಿ ಸರಿದು ಓಣಿಯಿಂದ ಹೊರಬಂದು ಅಲೆಗಳ ಜೊತೆ ಹಿಂತಿರುಗಬೇಕು, ಕೈ ಎತ್ತಿ ನೆರವು ಕೇಳಬೇಕು. ಇದಕ್ಕಿಂತ ಮೊದಲಿನ ಪಾಠ ಒಂದಿದೆ: ಜೀವರಕ್ಷಕರು ಗುರುತಿಸಿದ ಎಲ್ಲೆಯನ್ನು ದಾಟಬಾರದು, ಸ್ಥಳೀಯ ಮೀನುಗಾರನು ಬೇಡವೆಂದಲ್ಲಿ ಇಳಿಯಲೇಬಾರದು. ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲಿ ನಿಲ್ಲುತ್ತವೆ. ಮೀನಿನ ಸಂತತಿಗೆ ಬಿಡುವು ಕೊಡಲೆಂದು ಬಂದ ಆ ನಿಷೇಧ ಮಳೆಗಾಲದ ಕಡಲಿನ ಉಗ್ರತೆಯನ್ನೂ ನೆನಪಿಸುತ್ತದೆ.

ಹಾಗಿದ್ದರೆ ಕಡಲಿಗೆ ಹೋಗುವವರು ಮಾಡಬೇಕಾದುದೇನು? ಕರದಂಟಿನ ಪೊಟ್ಟಣವನ್ನು ಒಯ್ದವರು ಖಾಲಿ ಪೊಟ್ಟಣವನ್ನೂ ಮರಳಿ ತರಲಿ. ರಾತ್ರಿ ಮರಳಿನ ಮೇಲೆ ವಾಹನ ಓಡಿಸದಿರಲಿ, ಪ್ರಖರ ದೀಪ ಬೆಳಗದಿರಲಿ. ಮೊಟ್ಟೆಯೊಡೆದ ಆಮೆಮರಿಗಳು ಬೆಳಕಿರುವ ಕಡೆ ಹೊರಳುತ್ತವೆ, ದೀಪದ ಬೆನ್ನು ಹತ್ತಿದರೆ ಕಡಲನ್ನು ಸೇರುವುದಿಲ್ಲ. ಬಲೆ ಹರವಿದಲ್ಲಿ, ಮೀನು ಒಣಗಿಸಿದಲ್ಲಿ ಸುತ್ತುಬಳಸಿ ನಡೆಯಲಿ. ಹಳ್ಳಿಯ ಮನೆಯಲ್ಲಿ ತಂಗಿ, ಅಲ್ಲಿನ ಅಡುಗೆ ಉಣ್ಣಲಿ. ಗೋಕರ್ಣದವರೆಗೆ ಹೋದ ಶಾಲೆಗಳು ದಕ್ಷಿಣಕ್ಕಿರುವ ಅಘನಾಶಿನಿ ಅಳಿವೆಯನ್ನೂ ಮಕ್ಕಳಿಗೆ ತೋರಿಸಲಿ. ಅಣೆಕಟ್ಟಿಲ್ಲದೆ ಹರಿಯುವ ಆ ನದಿಯ ಮುಖದಲ್ಲಿ ಇಳಿತದ ಹೊತ್ತಿಗೆ ಬಳಚು ಆರಿಸುವವರಿದ್ದಾರೆ, ಗಜನಿಯಲ್ಲಿ ಉಪ್ಪುನೀರನ್ನು ಸಹಿಸುವ ಕಗ್ಗ ಭತ್ತ ಬೆಳೆಯುವವರಿದ್ದಾರೆ. 2024ರ ಆರಂಭದಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಅದರ ಹೆಸರು ಪ್ರಕಟವಾಯಿತು. ಭೂಗೋಳದ ಪುಸ್ತಕ ಒಂದು ವರ್ಷದಲ್ಲಿ ಕಲಿಸದ್ದನ್ನು ಅಲ್ಲಿನ ಒಂದು ಬೆಳಗು ಕಲಿಸೀತು.

ಘಟಪ್ರಭೆಯ ದಡದವರು ನೀರಿನ ಎರಡೂ ಮುಖಗಳನ್ನು ಬಲ್ಲವರು. 2019ರ ಆಗಸ್ಟಿನಲ್ಲಿ ಗೋಕಾಕದ ಬೀದಿಗಳಿಗೆ ನದಿಯೇ ಬಂದು ನಿಂತಾಗ, ಹೊಳೆಗೆ ಅದರ ಜಾಗ ಬಿಡಬೇಕೆಂಬ ಮಾತು ಮನೆಮನೆಯಲ್ಲೂ ಕೇಳಿತ್ತು. ಕಡಲಿಗೂ ಅದರ ಜಾಗ ಬೇಕು. ಕಡಲ ಮಕ್ಕಳಿಗೂ ಅವರ ಅಂಗಳ ಬೇಕು. ಜಲಪಾತದ ಬಂಡೆಯ ಮೇಲೆ ಬಿದ್ದ ಬಾಟಲಿಯನ್ನು ಕಂಡು ಸಿಡಿಮಿಡಿಗೊಳ್ಳುವ ಕೈ, ಗೋಕರ್ಣದ ಮರಳಿನಲ್ಲಿ ಇನ್ನೊಂದನ್ನು ಬಿಟ್ಟುಬರದಿದ್ದರೆ ಈ ಚಳಿಗಾಲದ ಪ್ರವಾಸ ಸಾರ್ಥಕ.