ಚೀಲ ಕಾಯೋರು ಯಾರು?

ದಸರಾ ಸೂಟಿ ಹತ್ರ ಬಂತಂದ್ರ ನಮ್ಮ ಮನ್ಯಾಗ ಒಂದೇ ಮಾತು, ಹುಡುಗರಿಗಿ ಎಲ್ಲಿಗಿ ಕರ್ಕೊಂಡು ಹೋಗಬೇಕು? ಪುಣೆದಾಗ ಇರೋ ಮಗ ಫೋನ್ ಮಾಡಿ, "ಅವ್ವಾ, ಈ ಸರ್ತಿ ನೀರಿನ ಜಾಗಕ್ಕ ಹೋಗಾಮು. ಬೋಟಿನ್ಯಾಗ ಕುಂತು ನಡುಗಡ್ಡಿ ನೋಡಿ ಬರಾಮು" ಅಂದ. ಸೊಸಿ ಬಿ ಹೂಂ ಅಂದಳು. ಮೊಮ್ಮಕ್ಕಳಂತೂ ಅವತ್ತಿಂದ ಕುಣೀಲತ್ತಾವ. ನಾನು ಬಿ ಹೂಂ ಅಂದೆ, ಖರೇ ಒಂದು ಶರತ್ ಹಾಕ್ದೆ. ಆ ಶರತ್ ಯಾಕ ಹಾಕ್ದೆ ಅಂತ ನಿಮಗ ಹೇಳಬೇಕು ಅಕ್ಕಗೋಳೇ, ಯಾಕಂದ್ರ ನಿಮ್ಮ ಮನ್ಯಾಗ ಬಿ ಹಿಂಗೇ ನಡೀತದ ಅಂತ ನನಗ ಗೊತ್ತದ.

ಹೋದ ವರ್ಷದ ಮಾತು. ಎರಡು ಗಾಡಿ ಮಾಡ್ಕೊಂಡು ಒಂದು ದೊಡ್ಡ ಕೆರಿಗಿ ಹೋಗಿದ್ದೇವು. ಕೆರಿ ಹೆಸರು ಹೇಳಲ್ಲ, ತಪ್ಪು ಕೆರಿದಲ್ಲ, ನಮ್ದು. ದೊಡ್ಡವರು ಹನ್ನೊಂದು ಮಂದಿ, ಹುಡುಗರು ಆರು. ನಾನು, ನಮ್ಮ ನೆಗೆಣ್ಣಿ ಇಬ್ಬರೂ ರಾತ್ರಿ ಮೂರೂವರಿಗಿ ಎದ್ದು ಧಪಾಟಿ ಬಡದೇವು, ಶೇಂಗಾ ಹಿಂಡಿ ಕುಟ್ಟಿದೇವು, ಮೊಸರು, ಚುಡುವಾ, ನೀರಿನ ಕ್ಯಾನು, ಹುಡುಗರ ಅರಿಬಿ, ಎಲ್ಲಾ ಕಟ್ಟಿದೇವು. ಅಲ್ಲಿ ಹೋಗಿ ಇಳಿದ ತಕ್ಷಣ ಗಂಡಸರು, ಗಂಡು ಹುಡುಗರು ಬೋಟಿಗಿ ಓಡಿದರು. ನಾವು ಹೆಣ್ಮಕ್ಕಳು ಗಿಡದ ಬುಡಕ ಚಾದರ್ ಹಾಸಿ ಚೀಲ ಕಾಯ್ಕೋತ ಕುಂತೇವು. ಯಾರೂ ನಮಗ ಕುಂದ್ರು ಅನ್ಲಿಲ್ಲ. ನಾವೇ ಕುಂತೇವು. ರೂಢಿ ಅದ.

ನನ್ನ ಮೊಮ್ಮಗಳು ಒಂಬತ್ತು ವರ್ಷದಾಕಿ. ಅಕಿ ಬಿ ಬೋಟಿಗಿ ಓಡಿದಳು. "ನೀ ಸಣ್ಣವನ್ನ ಹಿಡ್ಕೊಂಡು ಅಜ್ಜಿ ಹಂತ್ಯಾಕ ಕೂಡು, ಆಮ್ಯಾಲ ಹೋಗಲಕ್ಕಂತ" ಅಂತ ಮನಿ ಹಿರಿಯರೊಬ್ಬರು ಹೇಳಿ ತಿರುಗಿ ಕಳಿಸಿದರು. ಸಣ್ಣವ ಅಂದ್ರ ನಮ್ಮ ಮೈದುನನ ಮೊಮ್ಮಗ, ಮೂರು ವರ್ಷದವ. ಪೋರಿ ಮಾರಿ ಸಣ್ಣದು ಮಾಡ್ಕೊಂಡು ಬಂದು ಕುಂತಳು. ನಾವು ಬುತ್ತಿ ಗಂಟು ಬಿಚ್ಚಿ, ಯಾರಿಗಿ ಎಷ್ಟು ಧಪಾಟಿ ಅಂತ ಎಣಸ್ಲತ್ತಿದ್ದೇವು. ಅಷ್ಟರಾಗ ಸಣ್ಣವ ದಂಡಿಗಿ ಹೋಗಿ ಜಾರಿ ನೀರಾಗ ಬಿದ್ದಾನ. ಒಂದು ಸಪ್ಪಳಿಲ್ಲ, ಒಂದು ಚೀರಾಟಿಲ್ಲ. ಅಲ್ಲೇ ಅರಿಬಿ ಒಗೀಲತ್ತಿದ್ದ ಒಬ್ಬ ಹೆಣ್ಮಗಳು ಅಂಗಿ ಹಿಡಿದು ಜಗ್ಗಿ ಮ್ಯಾಲ ಹಾಕಿದಳು. ಎರಡು ಗುಟುಕು ನೀರು ಕುಡದಿದ್ದ, ಕೆಮ್ಮಿದ, ಆಮ್ಯಾಲ ಅತ್ತ. ಅವನು ಅಳೋದು ಕೇಳಿ ನನಗ ಜೀವ ಬಂತು.

ಖರೇ ನಾ ಹೇಳಬೇಕಾಗಿದ್ದು ಇದಲ್ಲ. ಹುಡುಗ ಬದುಕಿದ. ಬದುಕಿದ ಮ್ಯಾಲ ಎಲ್ಲಾರೂ ಯಾರಿಗಿ ಬೈದರು ಗೊತ್ತದೇನು? ಆ ಒಂಬತ್ತು ವರ್ಷದ ಪೋರಿಗಿ. "ನಿನಗ ನೋಡ್ಕೋ ಅಂದಿದ್ದಿಲ್ಲೇನು?" ಅಂತ. ಹನ್ನೊಂದು ಮಂದಿ ದೊಡ್ಡವರಿದ್ದೇವು. ನಾನೂ ಬೈದೆ. ರಾತ್ರಿ ಮಲಗೋ ಹೊತ್ತಿಗಿ ಅಕಿ ನನ್ನ ಹಂತ್ಯಾಕ ಬಂದು, "ಅಜ್ಜಿ, ನನಗ ಈಸಲಾಕ ಬರ್ತಿದ್ರ ನಾನೇ ಹಿಡೀತಿದ್ದೆ" ಅಂದಳು. ಆ ಮಾತು ಇನ್ನಾ ನನ್ನ ಎದಿ ಒಳಗ ಅದ.

ಅದಕ್ಕ ಈ ವರ್ಷದ ನನ್ನ ಶರತ್ ಇದು. ಚೀಲ ಗಾಡ್ಯಾಗ ಇಟ್ಟು ಕೀಲಿ ಹಾಕ್ರಿ. ಹುಡುಗರನ್ನ ಹುಡುಗರ ಕೈಗಿ ಕೊಡಬ್ಯಾಡ್ರಿ. ಹೆಣ್ಮಕ್ಕಳು ಬಿ ಬೋಟ್ ಹತ್ತಬೇಕು, ಹೆಣ್ಣು ಹುಡುಗರಿಗಿ ಬಿ ಈಸಲಾಕ ಕಲಿಸಬೇಕು. ಇದಕ್ಕ ಹೂಂ ಅಂದ್ರ ನಾ ಬರ್ತೀನಿ, ಇಲ್ಲಂದ್ರ ನೀವೇ ಧಪಾಟಿ ಬಡಕೊಂಡು ಹೋಗ್ರಿ.

ಪಕ್ಕದ ಮನಿ ಅಕ್ಕ ನನ್ನ ಮಾತು ಕೇಳಿ, "ಯಾಕವ್ವಾ ಇಷ್ಟು ತಕರಾರು, ನೀರಿನ ಉಸಾಬರಿನೇ ಬ್ಯಾಡ, ಮಾಣಿಕನಗರಕ್ಕ ಹೋಗಿ ಪ್ರಭುಗಳ ದರ್ಶನ ಮಾಡ್ಕೊಂಡು ಬರ್ರಿ" ಅಂದಳು. ಹುಮನಾಬಾದ ನನ್ನ ತವರು ಮನಿ, ಮಾಣಿಕನಗರಕ್ಕ ಹೋಗೋದು ನನಗೇನು ಬ್ಯಾಸರ ಇಲ್ಲ. ಆದ್ರ ನೀರು ತಪ್ಪಿಸಿದ್ರ ಹುಡುಗರು ಉಳೀತಾರ ಅನ್ನೋದು ಸುಳ್ಳು. ಬಸವಕಲ್ಯಾಣದ ನಡುವೇ ತ್ರಿಪುರಾಂತ ಕೆರಿ ಅದ. ಹೊಲದಾಗ ಬಾವಿ ಅವ, ಕೃಷಿ ಹೊಂಡ ಅವ. ಇವತ್ತು ನಾ ಕೈ ಹಿಡದೀನಿ, ನಾಳೆ ದೋಸ್ತರ ಸಂಗಾಟ ಹೋಗ್ತಾರ. ಅಂಜಿಸಿ ಬೆಳಸೋದಕ್ಕಿಂತ ಕಲಿಸಿ ಬೆಳಸೋದು ಛಲೋ.

ನಮ್ಮ ಕಾಲದಾಗ ಗಂಡು ಹುಡುಗರಿಗಿ ಬೆನ್ನಿಗಿ ಒಣಗಿದ ಸೋರೆಕಾಯಿ ಇಲ್ಲಾ ಖಾಲಿ ಡಬ್ಬಿ ಕಟ್ಟಿ ಬಾವಿಗಿ ಬಿಡ್ತಿದ್ರು. ಎಂಟು ದಿನದಾಗ ಮೀನಿನಂಗ ಈಸ್ತಿದ್ರು. ನಾವು ಅಕ್ಕ-ತಂಗೇರು ಬಾವಿ ಕಟ್ಟಿ ಮ್ಯಾಲ ನಿಂತು ಅವರ ಅಂಗಿ ಹಿಡ್ಕೋತಿದ್ದೇವು. ನೋಡ್ರಿ, ಚೀಲ ಕಾಯೋ ಕೆಲಸ ಅವಾಗಿಂದೇ ಶುರು ಆಗ್ಯಾದ. ದಿನಾ ನೀರು ಸೇದೋರು, ಅರಿಬಿ ಒಗಿಯೋರು, ನೀರಿನ ಹಂತ್ಯಾಕ ಹೆಚ್ಚು ಹೊತ್ತು ಇರೋರು ನಾವು, ಈಸಲಾಕ ಬರಲಾರದವರು ಬಿ ನಾವೇ.

"ಅರಿಬಿ ತೊಯ್ತಾವ, ಮಾನ ಹೋಗ್ತದ" ಅಂತಾರ. 2020ರ ಆಗಸ್ಟ್‌ದಾಗ ತಮಿಳುನಾಡಿನ ಪೆರಂಬಲೂರು ಜಿಲ್ಲಾದ ಕೊಟ್ಟರೈ ಡ್ಯಾಮಿನ್ಯಾಗ ನಾಲ್ಕು ಮಂದಿ ಹುಡುಗರು ಮುಳುಗ್ಲತ್ತಿದ್ದರು. ಅಲ್ಲಿದ್ದ ಮೂರು ಮಂದಿ ಹೆಣ್ಮಕ್ಕಳು ತಮ್ಮ ಮೈಮ್ಯಾಗಿನ ಸೀರಿ ಬಿಚ್ಚಿ ನೀರಿಗಿ ಎಸೆದು ಇಬ್ಬರನ್ನ ಜಗ್ಗಿ ಉಳಿಸಿದರು. ಇನ್ನಿಬ್ಬರು ಉಳೀಲಿಲ್ಲ. ಆ ಮೂವರಿಗಿ ತಮಿಳುನಾಡು ಸರ್ಕಾರ ಕಲ್ಪನಾ ಚಾವ್ಲಾ ಪ್ರಶಸ್ತಿ ಕೊಟ್ಟಿತು. ಮಾನ ಅಂದ್ರ ಏನು ಅಂತ ಆ ಅವ್ವಗೋಳಿಗಿ ನಮಗಿಂತ ಛಲೋ ಗೊತ್ತಿತ್ತು.

ಇನ್ನ ಎಲ್ಲಿಗಿ ಹೋಗಬೇಕು ಅನ್ನೋ ಮಾತು. ಅಂಡಮಾನ್, ಮಾಲ್ದೀವ್ಸ್ ಅಂತ ಮೊಬೈಲ್‌ದಾಗ ತೋರಿಸ್ತಾರ. ರೊಕ್ಕ ಇದ್ದೋರು ಹೋಗ್ಲಿ, ಸಣ್ಣ ಹುಡುಗರಿಗಿ ದಂಡಿ, ನೀರು, ಬೋಟ್ ಇಷ್ಟೇ ಬೇಕು. ನಮ್ಮ ಸುತ್ತಮುತ್ತ ನಾ ಲೆಕ್ಕ ಹಾಕಿದ್ದು ಹಿಂಗದ.

ಮೊದಲು ಊರಿನ ಕೆರಿ. ತ್ರಿಪುರಾಂತ ಕೆರಿ ದಂಡಿಗಿ ಅಕ್ಕನಾಗಮ್ಮನ ಗವಿ ಅದ, ನುಲಿಯ ಚಂದಯ್ಯನ ಗವಿ ಅದ. ಸಂಜಿಮುಂದ ಒಂದು ತಾಸು ಹುಡುಗರನ್ನ ಕರ್ಕೊಂಡು ಹೋಗ್ರಿ. ನೀರಿನ ಹಂತ್ಯಾಕ ಹೆಂಗ ನಿಂದ್ರಬೇಕು, ಪಾಚಿ ಕಲ್ಲು ಹೆಂಗ ಜಾರ್ತದ ಅಂತ ಇಲ್ಲೇ ಕಲಿಸ್ರಿ. ಇದು ಪುಕ್ಕಟ ಸಾಲಿ.

ಎರಡನೇದು ಕಾರಂಜಾ. ನಮ್ಮ ಬೀದರ ಜಿಲ್ಲಾದಾಗ ದೊಡ್ಡ ಡ್ಯಾಮ್ ಇದೇ, ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿ ಹತ್ರ ಅದ. ಮಳಿಗಾಲ ಮುಗಿದ ಮ್ಯಾಲ ಹೋದ್ರ ಕಣ್ಣು ತುಂಬ ನೀರು, ಮೇ ತಿಂಗಳದಾಗ ಹೋದ್ರ ದಂಡಿ ತುಂಬ ಕೆಸರು. ಹುಡುಗರಿಗಿ ಒಂದು ಮಾತು ಹೇಳ್ರಿ, ಆ ನೀರಿನ ಕೆಳಗ ಮಂದಿ ಹೊಲ-ಮನಿ ಮುಳುಗ್ಯಾವ, ಮುಳುಗಡೆ ಆದ ರೈತರು ಪರಿಹಾರಕ್ಕ ವರ್ಷಗಟ್ಟಲೆ ಹೋರಾಟ ಮಾಡ್ಯಾರ. ನಾವು ಚಂದ ಅನ್ನೋ ನೀರು ಯಾರದೋ ಹೊಲದ ಮ್ಯಾಲ ನಿಂತದ. ಅದೇ ಕಾರಣಕ್ಕ ಡ್ಯಾಮಿನ ನೆಲ ಸಪಾಟ ಇರಲ್ಲ. ಹಳೇ ಬಾವಿ, ಒಡ್ಡು, ಹಳ್ಳ ಎಲ್ಲಾ ಒಳಗೇ ಇರ್ತಾವ. ಮೊಣಕಾಲು ನೀರದ ಅಂತ ಎರಡು ಹೆಜ್ಜಿ ಮುಂದ ಇಟ್ರ ತಲಿ ಮುಳುಗ್ತದ. ಎರಿಮಣ್ಣಿನ ದಂಡಿ ಕಾಲು ಹಿಡ್ಕೋತದ. ಡ್ಯಾಮಿನ ದಂಡಿ ನೋಡ್ಲಾಕ, ಇಳೀಲಾಕ ಅಲ್ಲ. ಗೇಟಿನ ಕೆಳಗಿನ ನದ್ಯಾಗಂತೂ ಕಾಲು ಇಡಬ್ಯಾಡ್ರಿ, ನೀರು ಯಾವಾಗ ಬಿಡ್ತಾರೋ ಗೊತ್ತಾಗಲ್ಲ.

ಮೂರನೇದು ಹೈದರಾಬಾದಿನ ಹುಸೇನ್ ಸಾಗರ. ಹುಮನಾಬಾದದಿಂದ ಸುಮಾರು 150 ಕಿಲೋಮೀಟರ್. ಲುಂಬಿನಿ ಪಾರ್ಕಿನಿಂದ ಬೋಟ್ ಹತ್ತಿದ್ರ ಸ್ವಲ್ಪ ಹೊತ್ತಿನ್ಯಾಗ ಕೆರಿ ನಡುವಿನ ಬುದ್ಧನ ಹತ್ರ ಇಳೀತೀರಿ. ಒಂದೇ ಕಲ್ಲಿನ್ಯಾಗ ಕಡದ ಮೂರ್ತಿ. 1990ರಾಗ ಸಾಗಿಸೋ ಹೊತ್ತಿಗಿ ಕೆರ್ಯಾಗ ಮುಳುಗಿತ್ತು, ಕೆಲವರ ಜೀವ ಬಿ ಹೋದವು. ಎರಡು ವರ್ಷ ನೀರಿನ ತಳದಾಗೇ ಇತ್ತು, 1992ರಾಗ ಮ್ಯಾಲ ಎತ್ತಿ ನಿಲ್ಲಿಸಿದರು. ಹುಡುಗರಿಗಿ ಈ ಕತಿ ಭಾಳ ಸೇರ್ತದ. ಮೊದಲ ಸಲ ಬೋಟ್ ಹತ್ತೋ ಹುಡುಗರಿಗಿ, ನನ್ನಂಥ ಅಜ್ಜಿಗೋಳಿಗಿ ಇದೇ ಛಲೋ, ಜಲ್ದಿ ಮುಗೀತದ.

ನಾಲ್ಕನೇದು ನಾಗಾರ್ಜುನಕೊಂಡ. ಹೈದರಾಬಾದಿನಿಂದ ಮುಂದ ಮತ್ತ ಸುಮಾರು 150 ಕಿಲೋಮೀಟರ್. ಹಿಂದ ಇಕ್ಷ್ವಾಕು ರಾಜರ ರಾಜಧಾನಿ, ಬೌದ್ಧರ ದೊಡ್ಡ ಜಾಗ. ಕೃಷ್ಣಾ ನದಿಗಿ ನಾಗಾರ್ಜುನ ಸಾಗರ ಡ್ಯಾಮ್ ಕಟ್ಟಿದಾಗ ಕಣಿವಿ ಮುಳುಗಿತು, ಗುಡ್ಡದ ನೆತ್ತಿ ನಡುಗಡ್ಡಿ ಆಯ್ತು. ಮುಳುಗೋ ಮೊದಲು ಅಗೆದು ತೆಗೆದ ಸಾಮಾನು ಅಲ್ಲಿ ಮ್ಯೂಸಿಯಂದಾಗ ಇಟ್ಟಾರ. ಬೋಟಿನ್ಯಾಗ ಭಾಳ ಹೊತ್ತು ಕುಂದ್ರಬೇಕು. ಶುಕ್ರವಾರ ಮ್ಯೂಸಿಯಂ ಬಂದ್ ಇರ್ತದ. ನೀರು, ಗಾಳಿ ನೋಡಿ ಬೋಟ್ ಬಿಡ್ತಾರ, ಅದಕ್ಕ ಹೊಂಡೋ ಮೊದಲೇ ಫೋನ್ ಮಾಡಿ ಕೇಳ್ರಿ. ಐದು ವರ್ಷದ ಒಳಗಿನ ಹುಡುಗರಿದ್ರ ನಾ ಬ್ಯಾಡ ಅಂತೀನಿ, ಅವಕ್ಕ ದಣಿವು, ನಮಗ ಕಿರಿಕಿರಿ.

ಬಸ್ಸಿನ ಮಾತು ಒಂದು. 2023ರ ಜೂನ್‌ದಿಂದ ಶಕ್ತಿ ಯೋಜನಾದಾಗ ನಮಗ ರಾಜ್ಯದ ಒಳಗ ಸಾದಾ ಸರ್ಕಾರಿ ಬಸ್ ಪುಕ್ಕಟ ಅದ, ಭಾಲ್ಕಿಗಿ ಹೋಗ್ಲಾಕ ಹೆಣ್ಮಕ್ಕಳ ಟಿಕೀಟಿನ ಖರ್ಚಿಲ್ಲ. ಹೈದರಾಬಾದಿಗಿ ಹೋಗೋ ಬಸ್ಸಿಗಿ ಅದು ನಡೆಯಲ್ಲ, ರೊಕ್ಕ ಹಿಡದಿರ್ರಿ.

ಈಗ ಬೋಟಿನ ಮಾತು. ಅಂಬಿಗರ ಚೌಡಯ್ಯ ಶರಣರ ಕಾಯಕ ದೋಣಿ ನಡಸೋದು. ಕಾಯಕ ಅಂದ್ರ ಬರೇ ಹುಟ್ಟು ಹಾಕೋದಲ್ಲ, ಹತ್ತಿದವರನ್ನ ಆ ದಂಡಿಗಿ ಮುಟ್ಟಿಸೋದು. ಮಂದಿ ಹೆಚ್ಚಾದ್ರ ಇಳಿಸೋದು ಬಿ ಕಾಯಕದಾಗೇ ಬಂತು. 2019ರ ಜನವರಿ 21ಕ್ಕ ಕಾರವಾರದ ಹತ್ರ ಕೂರ್ಮಗಡ ನಡುಗಡ್ಡಿ ಜಾತ್ರಿ ಮುಗಿಸಿ ಬರೋ ದೋಣಿ ಮಗುಚಿ 16 ಮಂದಿ ಹೋದರು. 2024ರ ಜನವರಿ 18ಕ್ಕ ವಡೋದರಾದ ಹರಣಿ ಕೆರ್ಯಾಗ ಟ್ರಿಪ್ಪಿಗಿ ಬಂದ ಸಾಲಿ ಹುಡುಗರು 12 ಮಂದಿ, ಟೀಚರ್ ಇಬ್ಬರು ಹೋದರು. ಎರಡೂ ಕಡಿ ಅದೇ ಕತಿ, ತಡೀಲಾರದಷ್ಟು ಮಂದಿ, ಎಲ್ಲಾರ ಮೈಮ್ಯಾಲ ಲೈಫ್ ಜಾಕೆಟ್ ಇದ್ದಿಲ್ಲ. ಅದಕ್ಕ ಬೋಟ್ ತುಂಬಿದ್ರ ಇಳಿದು ಬಿಡ್ರಿ, ಟಿಕೀಟಿನ ರೊಕ್ಕ ಹೋದ್ರ ಹೋಗ್ಲಿ. ಜಾಕೆಟ್ ಹುಡುಗರ ಅಳತಿದೇ ಕೇಳ್ರಿ. ಹಾಕಿ ಬಕಲ್ ಬಿಗಿ ಮಾಡಿ, ಎರಡೂ ಭುಜದ ಕಡಿ ಹಿಡಿದು ಮ್ಯಾಲ ಎತ್ತಿ ನೋಡ್ರಿ. ಗದ್ದ, ಕಿವಿ ದಾಟಿ ಮ್ಯಾಲ ಬಂದ್ರ ಅದು ದೊಡ್ಡದು, ನೀರಾಗ ಜಾರ್ತದ. ಗಾಳಿ ತುಂಬಿದ ಟ್ಯೂಬು ಆಟದ ಸಾಮಾನು, ಅದನ್ನ ನಂಬಬ್ಯಾಡ್ರಿ.

ದಂಡಿ ಮ್ಯಾಲ ಕಾಯೋ ಪಾಳಿ ಹಚ್ಚರಿ. ಇಪ್ಪತ್ತು ನಿಮಿಷಕ್ಕ ಒಬ್ಬರು, ಗಂಡಸರು ಬಿ ಪಾಳ್ಯಾಗ ಇರಬೇಕು. ಪಾಳಿ ಇದ್ದೋರ ಕೈಯಾಗ ಮೊಬೈಲ್ ಇರಬಾರದು, ಬುತ್ತಿ ಬಿ ಇರಬಾರದು. ಪಾಳಿ ಮುಗಿದಾಗ "ಈಗ ನೀ ನೋಡು" ಅಂತ ಬಾಯಿ ಬಿಟ್ಟು ಹೇಳಬೇಕು. ಎಲ್ಲಾರೂ ನೋಡ್ಲತ್ತಾರ ಅಂದ್ರ ಯಾರೂ ನೋಡ್ಲತ್ತಿಲ್ಲ ಅಂತ ಅರ್ಥ, ಇದು ನಾ ಹೋದ ವರ್ಷ ಕಲ್ತಿದ್ದು. ಮುಳುಗೋ ಹುಡುಗ ಸಿನಿಮಾದಾಗಿನಂಗ ಕೈ ಬೀಸಿ ಒದರಲ್ಲ, ಸುಮ್ಮಗ ಹೋಗ್ತಾನ. ಯಾರರ ಬಿದ್ರ ಈಸಲಾಕ ಬರಲಾರದವರು ಹಾರಬ್ಯಾಡ್ರಿ. ಸೀರಿ, ಓಢಣಿ, ಹಗ್ಗ, ಮುಚ್ಚಳ ಬಿಗಿ ಇರೋ ಖಾಲಿ ನೀರಿನ ಕ್ಯಾನು, ಏನು ಸಿಕ್ಕತೋ ಅದು ಎಸೀರಿ.

ಎಳ್ಳ ಅಮಾಸಿ ನೆನಪು ಮಾಡ್ಕೋರಿ. ಭಜ್ಜಿ, ಅಂಬಲಿ, ಕಡಬು ಕಟ್ಕೊಂಡು ಊರಿಗೂರೇ ಹೊಲಕ್ಕ ಹೋಗ್ತೀವಿ. ಅವತ್ತು ಬುಟ್ಟಿ ಗಂಡಸರು ಬಿ ಹೊರ್ತಾರ, ನಾವು ಬಿ ಜೋಕಾಲಿ ಆಡ್ತೀವಿ, ಯಾರೂ ನಗಲ್ಲ. ಹೊಲದಾಗ ನಡಿಯೋದು ಕೆರಿ ದಂಡಿಗಿ ಯಾಕ ನಡಿಯಲ್ಲ? ಇದೇ ಕಲ್ಯಾಣದಾಗ ಎಂಟುನೂರು ವರ್ಷದ ಹಿಂದ ಹೆಣ್ಮಕ್ಕಳು ಅನುಭವ ಮಂಟಪದಾಗ ಗಂಡಸರ ಸಮ ಕುಂತರು. ನಮಗ ಬೋಟಿನ್ಯಾಗ ಒಂದು ಸೀಟು ಬ್ಯಾಡೇನು?

ಮಗ ನನ್ನ ಶರತ್ತಿಗಿ ಒಪ್ಪ್ಯಾನ. ಈ ಸರ್ತಿ ಹುಸೇನ್ ಸಾಗರ, ಎಳ್ಳ ಅಮಾಸಿ ಆದ ಮ್ಯಾಲ ಕಾರಂಜಾ ದಂಡಿ. ಧಪಾಟಿ ಇಪ್ಪತ್ತೇ ಮಾಡ್ತೀನಿ, ಉಳಿದದ್ದು ಅಲ್ಲೇ ಕೊಂಡು ತಿನ್ನಲಿ. ಮೊಮ್ಮಗಳಿಗಿ ಪುಣೆದಾಗ ಈಸೋ ಕ್ಲಾಸಿಗಿ ಹಾಕ್ಯಾರ. ಮೊನ್ನೆ ಫೋನಿನ್ಯಾಗ ನಾ ಅಕಿಗಿ, "ಅವತ್ತು ತಪ್ಪು ನಿಂದಲ್ಲವ್ವಾ, ನಮ್ದು. ಬೈಬಾರದಿತ್ತು" ಅಂದೆ. ಸ್ವಲ್ಪ ಹೊತ್ತು ಸುಮ್ಮಗಿದ್ದಳು. ಆಮ್ಯಾಲ, "ಅಜ್ಜಿ, ಬೋಟಿನ್ಯಾಗ ನೀ ನನ್ನ ಬಾಜು ಕುಂದ್ರು, ಅಂಜಿಕಿ ಬಂದ್ರ ನನ್ನ ಕೈ ಹಿಡ್ಕೋ" ಅಂದಳು.

ಹಿಡ್ಕೋತೀನಿ.