ಊರೂರು ಸುತ್ತಿದ ಶಾಲೆ

ಕಲಿಸುವವರಿಗೆ ಅನುಕೂಲವಾದ ಭಾಷೆ ಕಲಿಯುವವರಿಗೂ ಅನುಕೂಲವೆಂದು ನಂಬಿದರೆ ಏನಾಗುತ್ತದೆಂಬುದನ್ನು ವೇಲ್ಸ್ ನಾಡಿನಲ್ಲಿ ನೋಡಬಹುದು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಧರ್ಮಾರ್ಥ ಶಾಲೆಗಳು ಬಹುಪಾಲು ಇಂಗ್ಲಿಷಿನಲ್ಲೇ ಕಲಿಸುತ್ತಿದ್ದವು. ಮಕ್ಕಳು ಮನೆಯಲ್ಲಿ ಆಡುತ್ತಿದ್ದುದು ವೆಲ್ಷ್. ವರ್ಷಗಟ್ಟಲೆ ಕೂತರೂ ಬಾಯಿಪಾಠವಷ್ಟೇ ಗತಿ.

ಲ್ಯಾನ್‌ದೌರರ್ ಊರಿನ ಪಾದ್ರಿ ಗ್ರಿಫಿತ್ ಜೋನ್ಸ್ ಇದನ್ನು ಕಂಡು 1730ರ ದಶಕದಲ್ಲಿ ಬೇರೆ ದಾರಿ ಹಿಡಿದರು. ಮಕ್ಕಳ ನುಡಿಯಲ್ಲೇ ಪಾಠ. ಶಾಲೆಗೆ ಕಟ್ಟಡವಿಲ್ಲ, ಚರ್ಚು, ರೈತನ ಮನೆ, ಕಣಜದ ಕೊಟ್ಟಿಗೆ ಯಾವುದಾದರೂ ಸರಿ. ಹೊಲದ ಕೆಲಸ ಕಡಿಮೆಯಿರುವ ಚಳಿಗಾಲದಲ್ಲಿ ಮೇಷ್ಟ್ರು ಬಂದು ಮೂರು ತಿಂಗಳು ಓದಿಸಿ ಮುಂದಿನ ಊರಿಗೆ ಹೊರಡುತ್ತಿದ್ದರು. ಹಗಲು ದುಡಿದವರು ರಾತ್ರಿ ಬಂದು ಕಲಿತರು. 1761ರಲ್ಲಿ ಜೋನ್ಸ್ ತೀರಿಕೊಳ್ಳುವ ಹೊತ್ತಿಗೆ ಇಂಥ ಶಾಲೆಗಳು 3,000 ದಾಟಿದ್ದವು, ಕಲಿತವರು 1,50,000ಕ್ಕೂ ಹೆಚ್ಚು. ಓದಿಸಿದ್ದು ಬೈಬಲ್ ಮತ್ತು ಪ್ರಶ್ನೋತ್ತರ ಮಾತ್ರ, ಬರವಣಿಗೆ ಲೆಕ್ಕಗಳಿಲ್ಲ. ಅದೊಂದು ಕೊರತೆಯೇ ಸರಿ. ಆದರೆ ಅಕ್ಷರ ಬಂದವನ ಕೈಯಿಂದ ಬೇರೆ ಪುಸ್ತಕವನ್ನು ಕಿತ್ತಿಡುವವರು ಯಾರು?

ಹೊಗಳಿಕೆಯೆಲ್ಲ ಜೋನ್ಸರ ಪಾಲಿಗೇ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಅವರಿಗೆ ಆ ಚರ್ಚನ್ನು 1716ರಲ್ಲಿ ಕೊಟ್ಟು ಬೆನ್ನಿಗೆ ನಿಂತವರು ಸರ್ ಜಾನ್ ಫಿಲಿಪ್ಸ್. ಹಣ ಕೊಟ್ಟು, ಜೋನ್ಸರ ನಂತರ 18 ವರ್ಷ ಶಾಲೆಗಳನ್ನು ತಾವೇ ನಡೆಸಿದವರು ಬ್ರಿಜೆಟ್ ಬೆವನ್ ಎಂಬ ತಾಯಿ. 1779ರಲ್ಲಿ ತೀರಿಕೊಂಡಾಗ ಅವರು ಶಾಲೆಗಳಿಗೆಂದು 10,000 ಪೌಂಡು ಬರೆದಿಟ್ಟಿದ್ದರು. ಬಂಧುಗಳು ತಕರಾರು ತೆಗೆದರು. ವ್ಯಾಜ್ಯ ಸುಮಾರು ಮೂವತ್ತು ವರ್ಷ ಎಳೆಯಿತು. ದಾನದ ಹಣ ನ್ಯಾಯಾಲಯದಲ್ಲೇ ಉಳಿಯಿತು, ಶಾಲೆಗಳು ಮುಚ್ಚಿದವು.