ಶಿರ್ಕ್ ಮತ್ತು ನೆರೆಹೊರೆ

ಕನ್ಯಾನದ ಕಡೆ ಮಸೀದಿಯ ಬಾಂಗೂ ಭೂತದ ನೇಮದ ತೆಂಬರೆಯೂ ಒಂದೇ ಗಾಳಿಯಲ್ಲಿ ಕೇಳಿಬರುತ್ತವೆ. ಇದನ್ನು ಕಂಡು, ಎಲ್ಲ ಮತಗಳೂ ಹೇಳುವುದು ಒಂದನ್ನೇ ಎಂದು ಕೈತೊಳೆದುಕೊಳ್ಳುವವರುಂಟು. ಅದು ಸೌಜನ್ಯವಾದೀತು, ವಿಚಾರವಾಗದು.

ದೇವರಿಗೇ ಸಲ್ಲಬೇಕಾದ ಆರಾಧನೆಯಲ್ಲಿ ಇನ್ನೊಬ್ಬರಿಗೆ ಪಾಲು ಕೊಡುವುದೇ ಶಿರ್ಕ್. ಉಡುಪಿಯ ಮಧ್ವಾಚಾರ್ಯರೂ ವಿಷ್ಣುವಿಗೆ ಸಮರಿಲ್ಲವೆಂದವರೇ. ಆದರೆ ಅವರ ತಾರತಮ್ಯದಲ್ಲಿ ವಾಯು, ರುದ್ರಾದಿಗಳಿಗೆ ಹರಿಯ ಪರಿವಾರವೆಂದು ಪೂಜೆಯುಂಟು. ಇಸ್ಲಾಮಿನಲ್ಲಿ ದೇವದೂತರುಂಟು, ಅವರಿಗೆ ಪೂಜೆಯಿಲ್ಲ. ಈ ಭೇದವನ್ನು ಮುಚ್ಚಿಟ್ಟು ಗಳಿಸಿದ ಸ್ನೇಹ ಎಷ್ಟು ದಿನ ಬಾಳೀತು?

ಇನ್ನು ಕೆಲವರಿಗೆ ಶಿರ್ಕ್ ಎಂಬ ಮಾತು ಅನ್ಯರನ್ನು ಬಡಿಯುವ ದೊಣ್ಣೆ. ಉಳ್ಳಾಲದ ದರ್ಗಾಕ್ಕೆ ಹರಕೆ ಹೊತ್ತ ಮುಸಲ್ಮಾನನ ಮೇಲೂ ಅದನ್ನು ಎತ್ತುವರು. ಆತನಾದರೋ, ತಾನು ಬೇಡುವುದು ದೇವರನ್ನೇ, ಸಂತರು ನಡುವಣ ಆಸರೆ ಮಾತ್ರ ಎನ್ನುವನು. ವಾದ ನಡೆಯಲಿ, ಬೈಗುಳ ಏಕೆ?

ಶಿರ್ಕನ್ನು ದೇವರು ಕ್ಷಮಿಸನೆನ್ನುವ ಕುರಾನೇ (4:48) ಅನ್ಯರು ಪೂಜಿಸುವವರನ್ನು ನಿಂದಿಸಬಾರದೆಂದೂ (6:108) ವಿಧಿಸಿದೆ. ತನ್ನ ಇಚ್ಛೆಯನ್ನೇ ದೇವರಾಗಿಸಿಕೊಂಡವನ ಕಡೆಗೂ (25:43) ಬೆರಳು ತೋರಿದೆ. ಹಣಕ್ಕೂ ಪದವಿಗೂ ದಿನವೂ ಅಡ್ಡಬೀಳುವ ನಾವು, ಯಾವ ಮತದವರೇ ಆಗಲಿ, ನೆರೆಯವನ ಗುಡಿಯೊಳಗೆ ಪಾಲುದಾರರನ್ನು ಎಣಿಸುವ ಮೊದಲು ನಮ್ಮ ಎದೆಯೊಳಗಿನವರನ್ನು ಎಣಿಸುವುದು ಲೇಸು.